ಗುಂಡಿಯ ಪಕ್ಕದ ಸಿಗ್ನಲ್

ಅಕ್ಕಾ,

ರಜೆಗೆಂದು ಮನೆಯನ್ನೇ ವ್ಯಾನಿಗೆ ಹೇರಿಕೊಂಡು ಬಂದು ಇಳಿದ ಈ ವ್ಯಾನು ತಂಗುದಾಣದಲ್ಲಿ ಇಂಟರ್ನೆಟ್ ಸಿಗುವುದು ಒಂದೇ ಕಡೆ, ವ್ಯಾನುಗಳ ಕಕ್ಕಸಿನ ತೊಟ್ಟಿ ಖಾಲಿ ಮಾಡುವ ಗುಂಡಿಯ ಪಕ್ಕ. ಹತ್ತಾರು ಜನ ಮೂಗು ಮುಚ್ಚಿಕೊಂಡು, ಫೋನು ಎತ್ತಿ ಹಿಡಿದು ನಿಂತಿರುತ್ತಾರೆ. ನಮ್ಮ ಯಜಮಾನರು ಛಾವಣಿಯ ಆಂಟೆನಾ ಮಡಚುವುದನ್ನು ಮರೆತು ಗಾಡಿ ಓಡಿಸಿ, ಕೊಂಬೆಗೆ ತಗುಲಿಸಿ ಮುರಿದರು. "ಹೋಗ್ಲಿ ಬಿಡೇ, ರಜಾ ತಾನೆ?" ಅಂತಾರೆ. ಈಗ ಗಾಡಿಯೂ ಕೆಟ್ಟು ನಿಂತಿದೆ.

ಬೆಳಿಗ್ಗೆ ಅಮ್ಮ ವಿಡಿಯೋ ಕಾಲ್‌ನಲ್ಲಿ ಸಿಕ್ಕಿದಳು. "ನಾಳೆ ನಂಗೆ ಆಪರೇಷನ್ನು. ಅದಕ್ಕೆ ಮುಂಚೆ ನಿಂಗೊಂದು ಮಾತು ಹೇಳ್ಬೇಕು ಕಣೇ" ಎಂದವಳ ಮುಖ, ಬಾಯಿ ತೆರೆದಂತೆಯೇ ಪರದೆಯಲ್ಲಿ ನಿಂತುಬಿಟ್ಟಿತು. ಆಮೇಲೆ ಗುಂಡಿಯ ಬಳಿಯೂ ಸಿಗ್ನಲ್ ಇಲ್ಲ.

ಇಲ್ಲಿಗೆ ಬಂದಾಗಿನಿಂದ ಕಾಡುತ್ತಿದ್ದ ನನ್ನ ಜ್ವರ ಈಗ ಬಿಟ್ಟಿದೆ. ಅಂಚೆಯವನು ಹೊರಟು ನಿಂತಿದ್ದಾನೆ. ಈ ಕಾರ್ಡು ಸೇರುವ ಹೊತ್ತಿಗೆ ಅಮ್ಮನಿಗೆ ಎಚ್ಚರವಾಗಿದ್ದರೆ, ಆ ಮಾತೇನೆಂದು ಕೇಳಿಟ್ಟಿರು.

ನಿನ್ನ ತಂಗಿ