ಒಂದೇ ಅಚ್ಚಿನ ಎರಡು ರೆಕ್ಕೆ

ಮಾರ್ಚ್ 3, ಸೋಮವಾರ

ಇಂದಿನಿಂದ ಸ್ಕಾರ್ಫ್. ಹೋದ ವಾರ ಟೋಪಿ, ಅದಕ್ಕೂ ಮೊದಲು ಕಾಲುಚೀಲ. ನಾನು ಫೋಟೊ ತೆಗೆದ ಚಿಟ್ಟೆಗಳು ಜನರ ಪಾದದವರೆಗೂ ಇಳಿದಾಯಿತು. ಚಿತ್ರವನ್ನು ಬಟ್ಟೆಗೆ ಒತ್ತುವ ಹೀಟ್ ಪ್ರೆಸ್ ಮುಚ್ಚುವುದು, ಕಾಯುವುದು, ತೆರೆಯುವುದು, ಕಾಗದ ಸುಲಿಯುವುದು. ಕಿಟಕಿ ತೆರೆಯುವಂತಿಲ್ಲ — ದೂಳು ಕೂತರೆ ಬಟ್ಟೆ ಮೇಲೆ ಚುಕ್ಕೆ ಬೀಳುತ್ತದೆ. ಭಾವನ ಕಟ್ಟಪ್ಪಣೆ. ಮಹಡಿ ಮೇಲೆ ಮನೆ, ಕೆಳಗೆ ಅಂಗಡಿ. ಮೆಟ್ಟಿಲಿಳಿದರೆ ಕೆಲಸ, ಹತ್ತಿದರೆ ನಿದ್ದೆ.

ಗಿರಾಕಿಗಳಿಗೆ ಹರಿದ ರೆಕ್ಕೆ ಆಗದು. ಆದರೆ ಹಕ್ಕಿ ಕುಕ್ಕಿದ್ದೋ ಮುಳ್ಳು ತಾಗಿದ್ದೋ, ಎಲ್ಲ ಚಿಟ್ಟೆಗೂ ಒಂದಲ್ಲ ಒಂದು ಊನ. ಹಾಗಾಗಿ ಚೆನ್ನಾಗಿರುವ ರೆಕ್ಕೆಯನ್ನು ಕಂಪ್ಯೂಟರಿನಲ್ಲಿ ಕಾಪಿ ಮಾಡಿ, ತಿರುಗಿಸಿ, ಇನ್ನೊಂದು ಕಡೆಗೂ ಅಂಟಿಸುತ್ತೇನೆ. ಇವತ್ತು ಭಾವ ಪಕ್ಕದಲ್ಲಿ ಕೂತು ತಾವೂ ಕಲಿತರು. "ನಿನ್ನೊಬ್ಳಿಗೇ ಎಷ್ಟು ಅಂತ ಕೆಲ್ಸ ಹೇಳೋದಮ್ಮಾ?"

ಒಳ್ಳೆಯ ಮನುಷ್ಯ. ಕಷ್ಟ ಇರುವುದೇ ಅಲ್ಲಿ.

ಮಾರ್ಚ್ 5, ಬುಧವಾರ

ಫೋನ್ ಬಂತು! ಕಾಡಿನಲ್ಲಿ ಚಿಟ್ಟೆಗಳ ಸಮೀಕ್ಷೆ ಮಾಡಿಸುವ ಮೇಡಂ. ನಮ್ಮ ಅಂಗಡಿಯ ಟೋಪಿ ಕೊಂಡವರಂತೆ. ವರ್ಷವಿಡೀ ಅಲ್ಲೇ ಇದ್ದು ಫೋಟೊ ತೆಗೆಯುವ ಕೆಲಸ. "ನೀವು ತೆಗ್ದಿರೋದು ನಾಲ್ಕು ಕಳ್ಸಿ, ನೋಡ್ತೀನಿ." ಕೂತಲ್ಲಿ ಕೂರಲಾಗಲಿಲ್ಲ.

ಅಕ್ಕನಿಗೆ ಹೇಳಿದೆ. "ನೀನ್ ಹೋದ್ರೆ ನಮ್ಗ್ಯಾರೇ ಇದಾರೆ?" ಅತ್ತೇಬಿಟ್ಟಳು. ಭಾವ ಮಾತ್ರ, "ಹೋಗಮ್ಮಾ, ಯಾರ್ ಬೇಡ ಅಂತಾರೆ? ಈ ಆರ್ಡರ್ ಒಂದ್ ಮುಗೀಲಿ" ಎಂದರು. ಈ ಆರ್ಡರ್ ಎಷ್ಟೋ ವರ್ಷದಿಂದ ಮುಗಿಯುತ್ತಲೇ ಇದೆ.

ಮಾರ್ಚ್ 8, ಶನಿವಾರ

ಮೇಡಂ ಮತ್ತೆ, ನಾನು ಕಳಿಸಿದ ನಾಲ್ಕು ಫೋಟೊ ನೋಡಿ. "ಎಡಗಡೆ, ಬಲಗಡೆ ಎರಡೂ ಒಂದೇ ಅಲ್ವೇನ್ರೀ! ಒಂದು ಚುಕ್ಕೇನೂ ಆಚೀಚೆ ಆಗಿಲ್ಲ. ಇಂಥ ಚಿಟ್ಟೆ ನಾನಂತೂ ಕಂಡಿಲ್ಲ. ನಮ್ಗೆ ಇದ್ದದ್ದು ಇದ್ದ ಹಾಗೇ ಬೇಕು. ಮೊದ್ಲು ತೆಗ್ದಿದ್ದನ್ನ ಕಳ್ಸಿ."

ಎಲ್ಲಿಂದ ತರಲಿ? ಸರಿಮಾಡಿದ್ದನ್ನೆಲ್ಲ ಮೂಲದ ಮೇಲೇ ಸೇವ್ ಮಾಡುತ್ತಾ ಬಂದಿದ್ದೇನೆ. ಒಂದೂ ಉಳಿದಿಲ್ಲ. ಕೈಯಾರೆ ಮಾಡಿಕೊಂಡದ್ದು. ಅತ್ತುಬಿಟ್ಟೆ.

ಮೇಡಂಗೆ ಇದ್ದ ವಿಷಯ ಹೇಳಿದೆ. ನಕ್ಕರು. "ಹೊಸ್ದು ಒಂದೇ ಸಾಕು. ಮುಂದಿನ ಭಾನುವಾರದೊಳಗೆ."

ಮನೆಯಲ್ಲಿ ಬಾಯಿ ಬಿಡಲಿಲ್ಲ. ಅಕ್ಕನ ಕಣ್ಣೀರು ಇನ್ನೊಮ್ಮೆ ನೋಡುವ ತಾಕತ್ತಿಲ್ಲ.

ಮಾರ್ಚ್ 15, ಶನಿವಾರ

ವಾರವಿಡೀ ಟೀ ಶರ್ಟ್, ತಲೆ ಎತ್ತಲು ಪುರಸೊತ್ತಿಲ್ಲ. ಇಂದು ಊಟ ಬಿಟ್ಟು ಓಡಿದೆ — ಬಸ್ ಡಿಪೊ ಹಿಂದಿನ ಪಾಳು ಜಾಗಕ್ಕೆ.

ಕಪ್ಪು ರೆಕ್ಕೆ, ನಡುವೆ ನೀಲಿ ಪಟ್ಟೆ. ಬಲಗಡೆಯ ಹಿಂದಿನ ರೆಕ್ಕೆ ಅರ್ಧವೇ ಇಲ್ಲ. ಆದರೂ ಹಾರಾಟ ನೋಡಬೇಕು... ವಾಲಿಕೊಂಡು, ಯಾರಪ್ಪನ ಹಂಗೂ ಇಲ್ಲದ ಹಾಗೆ! ಮಣ್ಣಿನಲ್ಲಿ ಬೋರಲು ಮಲಗಿ ಕಾದೆ. ಒಂದೇ ಸಲ ರೆಕ್ಕೆ ಬಿಚ್ಚಿತು. ಸಿಕ್ಕಿತು.

ವಾಪಸು ಬಂದಾಗ ಕಂಪ್ಯೂಟರಿನ ಮುಂದೆ ಭಾವ. ಕ್ಯಾಮೆರಾ ಮೇಜಿನ ಮೇಲಿಟ್ಟು ಪ್ರೆಸ್ ಹತ್ತಿರ ಹೋದೆ. ನಾಳೆ ಎದ್ದ ಕೂಡಲೇ ಕಳಿಸುವುದು.

ಮಾರ್ಚ್ 16, ಭಾನುವಾರ

ಭಾವ ಮುಖವೆಲ್ಲ ನಗುವಾಗಿ ಮೆಟ್ಟಿಲು ಹತ್ತಿ ಬಂದರು. "ಎಂಥಾ ಫೋಟೊ ಕಣಮ್ಮಾ! ನಿನ್ಗೆ ಇವತ್ತೊಂದಿನ ರೆಸ್ಟ್ ಸಿಗ್ಲಿ ಅಂತ ನಾನೇ ರೆಕ್ಕೆ ಸರಿಮಾಡ್ದೆ. ನೀನ್ ಹೇಳ್ಕೊಟ್ಟ ಹಾಗೇ, ಅದ್ರ ಮೇಲೇ ಸೇವ್. ಕ್ಯಾಮೆರಾ ಕಾರ್ಡೂ ಖಾಲಿ ಮಾಡಿಟ್ಟಿದೀನಿ."

ಜಗಳಕ್ಕಾದರೂ ಒಂದಿಷ್ಟು ಕೆಟ್ಟತನ ಬೇಡವೇ? ಈ ಮನೆಯಲ್ಲಿ ಅದೂ ಸಿಗುವುದಿಲ್ಲ.

ಹನ್ನೊಂದು ಗಂಟೆ

ಆ ಚಿಟ್ಟೆ ಆಗಲೇ ಸ್ಕಾರ್ಫ್ ಮೇಲೆ ಬಂದಿದೆ. "ಮೊದಲ್ನೇದು ನಿನ್ಗೇ" ಎಂದು ಅಕ್ಕ ನನ್ನ ಕುತ್ತಿಗೆಗೆ ಸುತ್ತಿದಳು. ಪ್ರೆಸ್ಸಿನ ಬಿಸಿ ಇನ್ನೂ ಆರಿರಲಿಲ್ಲ. ಎರಡೂ ರೆಕ್ಕೆ ಪೂರ್ತಿ. ಆಗಲೇ ಫೋನ್. ಮೇಡಂ.

"ಯಾರೇ ಅದು?" ಎಂದಳು, ಗಂಟು ಸರಿಮಾಡುತ್ತಾ.

"ಯಾರೂ ಇಲ್ಲ ಬಿಡು ಅಕ್ಕ," ಎಂದುಬಿಟ್ಟೆ. ಫೋನ್ ಸುಮ್ಮನಾಯಿತು.

ಅಕ್ಕ ಅಡುಗೆಮನೆಗೆ ಹೋಗಿದ್ದಾಳೆ. ಫೋನ್ ಮತ್ತೆ ಬಡಿದುಕೊಳ್ಳುತ್ತಿದೆ. ಇನ್ನೊಂದು ದಿನ ಕೊಡಿ ಎಂದು ಕೇಳಬೇಕು, ಅಕ್ಕನಿಗೆ ಕೇಳಿಸುವ ಹಾಗೆ, ಜೋರಾಗಿಯೇ. ಎತ್ತುತ್ತೇನೆ.