ನೀರಿನ ಹಲಗೆಯೂ ಏಳು ತಂತ್ರಾಂಶಗಳೂ

ಊರಿಗೆ ನೀರು ಬಿಡುವ ಮಂಡಳಿಯ ಮಾನ್ಯ ಮುಖ್ಯಾಧಿಕಾರಿಗಳೇ,

ತಮ್ಮ ಹೊಸ ವೆಬ್‌ಸೈಟು ಬಹಳ ಚೆನ್ನಾಗಿದೆ. ನಾಳೆ ನೀರು ಬರುತ್ತದೋ ಇಲ್ಲವೋ ಎಂಬುದೊಂದನ್ನು ಬಿಟ್ಟು ಮಿಕ್ಕೆಲ್ಲವೂ ಅದರಲ್ಲಿ ತಿಳಿಯುತ್ತದೆ. ನನ್ನ ತಕರಾರು ಅದೊಂದೇ. ನಾನು ತಮ್ಮ ಕಚೇರಿಯ ಎದುರು ಸಾಲಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುವವಳು. ನೀರಿಲ್ಲದ ದಿನ ನನಗೆ ಕತ್ತರಿಯೊಂದೇ ಗತಿ.

ತಂತ್ರಾಂಶ ಆರಿಸುವ ಸಭೆಗೆ ವರ್ತಕರ ಪರವಾಗಿ ನನ್ನನ್ನೂ ಕರೆದಿದ್ದಿರಿ. ವೆಬ್‌ಸೈಟಿಗೆ ಬರಹ ಏರಿಸಲು, ತಿದ್ದಲು, ಅಳಿಸಲು ಬೇಕಾದ ತಂತ್ರಾಂಶಕ್ಕೆ ಸಿಎಂಎಸ್ ಎನ್ನುತ್ತಾರೆಂದು ತಿಳಿದದ್ದು ಅಲ್ಲಿಯೇ. ಏಳು ಸಿಎಂಎಸ್‌ಗಳನ್ನು ಪರದೆಯ ಮೇಲೆ ಒಂದೊಂದಾಗಿ ಪರೀಕ್ಷಿಸಿದಿರಿ. ಏನು ಹಾಕಿ ಪರೀಕ್ಷಿಸಿದಿರಿ? ತಮ್ಮ ಸ್ವಾಗತ ಸಂದೇಶ ಮತ್ತು ಭಾವಚಿತ್ರ. ಏಳು ಸಲವೂ ಅದೇ ಸಂದೇಶ, ಅದೇ ನಗು. ಆರರಲ್ಲಿ ತಮ್ಮ ಕಿವಿಯೋ ಗದ್ದವೋ ಕತ್ತರಿಸಿ ಹೋಯಿತು. ಏಳನೆಯದರಲ್ಲಿ ಭುಜದವರೆಗೂ ಸಾಂಗವಾಗಿ ಮೂಡಿದಿರಿ. ಬರಹ ಪ್ರಕಟವಾಗುವ ಮುನ್ನ ಐದು ಮಂದಿ ಒಪ್ಪಿಗೆ ಒತ್ತಬಹುದೆಂಬ ಸೌಲಭ್ಯವೂ ಅದರಲ್ಲಿತ್ತು. ಒತ್ತಲೇಬೇಕು ಎಂದು ತಾವು ಆಜ್ಞೆ ಮಾಡಿದಿರಿ. ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ, ಸುಳ್ಳೇಕೆ ಹೇಳಲಿ? ಚಹಾ ಆರುತ್ತಿತ್ತು.

ಮರುದಿನವೇ ಗೇಟಿನ ಪಕ್ಕದ ಕಪ್ಪುಹಲಗೆ ಉಗ್ರಾಣ ಸೇರಿತು. ಅದರಲ್ಲಿ ಹದಿನೆಂಟು ವರ್ಷ ಬರೆದವರು ತಮ್ಮ ಮಂಡಳಿಯಲ್ಲಿ ವಾಲ್ವ್ ತಿರುಗಿಸುವವರು. ಎದೆಯೆತ್ತರದ ಕೀಲಿ ಹೊತ್ತು ಓಡಾಡುವ ಅವರನ್ನು ಊರೆಲ್ಲ ಚಾವಿಯಣ್ಣ ಎನ್ನುತ್ತದೆ. ಸಂಜೆ ನಾಲ್ಕಕ್ಕೆ ಬಂದು, ನಾಳೆ ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಎಂದು ಸೀಮೆಸುಣ್ಣದಲ್ಲಿ ಗೀಚಿದರೆ ಮುಗಿಯಿತು. ಆ ಸಭೆಗೆ ಅವರನ್ನು ಯಾರಾದರೂ ಕರೆದಿದ್ದರೇ?

ಹೋದ ವಾರ, ಬುಧವಾರ, ಟೀಚರೊಬ್ಬರು ಮುಖ್ಯೋಪಾಧ್ಯಾಯಿನಿ ಹುದ್ದೆಯ ಸಂದರ್ಶನಕ್ಕೆಂದು ತಲೆಗೆ ಬಣ್ಣ ಹಚ್ಚಿಸಿಕೊಂಡು ಕುಳಿತಿದ್ದರು. ತೊಳೆಯಲು ನಲ್ಲಿ ತಿರುಗಿಸಿದರೆ ಬರೀ ಗಾಳಿ. ವೆಬ್‌ಸೈಟು ನಂಬಿ ನಾನು ಡ್ರಮ್ಮು ತುಂಬಿಸಿರಲಿಲ್ಲ.

“ಹನ್ನೊಂದಕ್ಕೆ ಇಂಟರ್‌ವ್ಯೂ ಕಣ್ರೀ! ನಗ್ಲೋ ಅಳ್ಲೋ?” ಎಂದರು ಟೀಚರು.

ಬೀದಿಗೆ ಓಡಿದೆ. ಚಾವಿಯಣ್ಣ ಸಿಕ್ಕರು. “ನಾಳೆ ನೀರಿಲ್ಲ ಅಂತ ನಿನ್ನೆ ಮೂರು ಗಂಟೆಗೇ ಆಫೀಸಲ್ಲಿ ಹೇಳಿದ್ದೆನಲ್ಲಕ್ಕಾ! ಅದಿನ್ನೂ ಮೂರನೇ ಸಾಹೇಬ್ರ ಹತ್ರ ಇದೆಯಂತೆ. ಅವ್ರು ರಜದಲ್ಲಿದಾರೆ.”

ಚಹಾದಂಗಡಿಯ ಬಿಂದಿಗೆ, ದರ್ಜಿಯ ಬಾಟಲಿ ಎಲ್ಲ ಕೂಡಿಸಿ ತೊಳೆದೆ. ಕೂದಲು ಕಪ್ಪಾಗಿತ್ತು, ಹಣೆ, ಕಿವಿಗಳೂ ಕಪ್ಪಾಗಿದ್ದವು. ಹಾಗೆಯೇ ಹೋದರು. ಕಾರಣ ಕೇಳಿ ಹೊಟ್ಟೆ ಹಿಡಿದು ನಕ್ಕ ಸಂದರ್ಶಕರು ಹುದ್ದೆ ಕೊಟ್ಟದ್ದು ಟೀಚರ ಪುಣ್ಯ, ಮಂಡಳಿಯ ಸಾಧನೆಯಲ್ಲ. ‘ನಾಳೆ ನೀರಿಲ್ಲ’ ಎಂಬ ಪ್ರಕಟಣೆ ಶುಕ್ರವಾರ ಬಂತು. ಊರಿಗೆ ಊರೇ ಕೊಡ, ಬಕೆಟ್ಟು, ಸಾರಿನ ಪಾತ್ರೆಗಳನ್ನೆಲ್ಲ ತುಂಬಿಸಿಟ್ಟಿತು. ಶನಿವಾರ ನೀರು ಧೋ ಎಂದು ಬಂತು.

ಈಗ ಚಾವಿಯಣ್ಣ ನನ್ನ ಅಂಗಡಿಯ ದೊಡ್ಡ ಕನ್ನಡಿಯ ಮೇಲೆ ಯಾರಿಗೂ ಬೇಡವಾದ ಲಿಪ್‌ಸ್ಟಿಕ್ಕಿನಲ್ಲಿ ಬರೆಯುತ್ತಾರೆ. ಜನ ಬಂದು ಓದಿಕೊಳ್ಳುತ್ತಾರೆ, ದೂರದವರು ಫೋನು ಮಾಡುತ್ತಾರೆ. ಮೊನ್ನೆ ಹಿರಿಯ ಮಹಿಳೆಯೊಬ್ಬರು ಫೋನಿನಲ್ಲಿ, “ನಮ್ಮ ಬೀದಿಗೆ ಸೋಮವಾರ ನೀರು ಬರತ್ತೇನಮ್ಮಾ?” ಎಂದರು. ಯಾವ ಬೀದಿ ಎಂದೆ.

“ಮುಖ್ಯಾಧಿಕಾರಿಗಳ ಮನೆ ಬೀದಿ. ನಾನು ಅವನ ತಾಯಿ. ಅವನ್ನ ಕೇಳಿದ್ರೆ ವೆಬ್‌ಸೈಟ್ ನೋಡು ಅಂತಾನೆ.”

ಆದ್ದರಿಂದ ಮಾನ್ಯರೇ, ಏಳೂ ತಂತ್ರಾಂಶಗಳನ್ನು ಮತ್ತೆ ತೆರೆಯಿರಿ. ಚಾವಿಯಣ್ಣನ ಕೈಗೆ ಫೋನು ಕೊಟ್ಟು ‘ನಾಳೆ ನೀರಿಲ್ಲ’ ಎಂದು ಬರೆಯಲು ಹೇಳಿ. ಹಲಗೆಯ ಮೇಲೆ ಗೀಚುವಷ್ಟೇ ಹೊತ್ತಿನಲ್ಲಿ ಯಾವುದು ಅದನ್ನು ಊರಿಗೆ ತೋರಿಸುತ್ತದೋ ಅದನ್ನೇ ಆರಿಸಿ. ತಮ್ಮ ಗದ್ದ ಕತ್ತರಿಸಿ ಹೋದರೂ ಪರವಾಗಿಲ್ಲ. ಅಲ್ಲಿಯವರೆಗೆ ಹಲಗೆಯನ್ನು ಹೊರಗೆ ತನ್ನಿ. ನನ್ನ ಕನ್ನಡಿಯಲ್ಲಿ ಗಿರಾಕಿಗಳಿಗೆ ತಂತಮ್ಮ ಮುಖವೇ ಕಾಣುತ್ತಿಲ್ಲ.

ಅಂದಹಾಗೆ, ಚಾವಿಯಣ್ಣ ಇದೀಗ ಬರೆದು ಹೋದರು. ತಾಯಿಯವರಿಗೆ ತಿಳಿಸಿ: ಸೋಮವಾರ ತಮ್ಮ ಬೀದಿಗೆ ನೀರಿಲ್ಲ. ವೆಬ್‌ಸೈಟಿನಲ್ಲಿ ಇದನ್ನು ಗುರುವಾರ ನೋಡಬಹುದು.

ಇಂತಿ,
ಆ ಸಭೆಯಲ್ಲಿ ಎತ್ತಿದ ಕೈಯಲ್ಲೇ ಈಗ ಬಿಂದಿಗೆ ಹಿಡಿದಿರುವವಳು