ಬಿಳಿ ಷರ್ಟು, ನೀಲಿ ಷರ್ಟು

ಮಾರ್ಚ್ 3, ಸೋಮವಾರ

ಮಧ್ಯಾಹ್ನದೊಳಗೆ ಮೂರು ಜನರ ಕಿವಿ ಪರೀಕ್ಷೆ. ಒಬ್ಬರಿಗೆ ಬರೀ ಗುಗ್ಗೆ. ಇನ್ನೊಬ್ಬರು, “ಮೆಷಿನ್ ಬೇಡಮ್ಮ, ಕೇಳಿಸದೇ ಇದ್ರೇ ಮನೇಲಿ ಶಾಂತಿ” ಎಂದರು. ನಕ್ಕೆ. ಆ ನಗು ಅಲ್ಲಿಗೇ ನಿಂತಿತು — ಮುಂದಿನ ಪೇಷೆಂಟ್ ಮಗಳ ತೋಳು ಹಿಡಿದು ಒಳಗೆ ಬಂದ.

ಟೈಲರ್. ಅಣ್ಣನ ಫೋಟೋ ಸ್ಟುಡಿಯೋಗೂ ಅವನ ಅಂಗಡಿಗೂ ನಡುವೆ ಒಂದೇ ಗೋಡೆ. ಈ ಮೂವತ್ತು ವರ್ಷಗಳಲ್ಲಿ ಮುದುಡಿಹೋಗಿದ್ದಾನೆ. ನನ್ನ ಗುರುತು ಸಿಗಲಿಲ್ಲ. ಹೇಗೆ ಸಿಗಬೇಕು, ಅಣ್ಣನನ್ನು ಕೊಂದಾಗ ನಾನು ಎರಡು ಜಡೆಯ ಹುಡುಗಿ.

“ಮೆಷಿನ್ ಕೆಟ್ಟಿದೆ, ಇಪ್ಪತ್ತೊಂದಕ್ಕೆ ಬನ್ನಿ” ಎಂದೆ. ಮೆಷಿನ್ ಕೆಟ್ಟಿರಲಿಲ್ಲ. ಅವರು ಹೋದಮೇಲೆ ಮುಂದಿನವರನ್ನು ಅದರಲ್ಲೇ ಪರೀಕ್ಷಿಸಿದೆ.

ಮಾರ್ಚ್ 4

ಅಪ್ಪ ಸಾಯುವತನಕ ಓದುತ್ತಿದ್ದ ಸಾಕ್ಷಿಗಳ ಹೇಳಿಕೆಯ ಪ್ರತಿ ಅಟ್ಟದಿಂದ ಕೆಳಗಿಳಿಸಿದೆ.

ಟೈಲರ್: ಸ್ಟುಡಿಯೋದ ಪಾಲುದಾರರು ಸಂಜೆಯಿಡೀ ನನ್ನ ಅಂಗಡಿಯಲ್ಲೇ ಕೋಟಿನ ಅಳತೆ ಕೊಡುತ್ತಿದ್ದರು. ಪಕ್ಕದಲ್ಲಿ ಗಲಾಟೆ ಕೇಳಿಸಲಿಲ್ಲ.

ಎದುರಿನ ಇಸ್ತ್ರಿ ಅಕ್ಕ: ಪಾಲುದಾರ ಸ್ಟುಡಿಯೋಗೆ ಹೋದದ್ದನ್ನು ಕಣ್ಣಾರೆ ಕಂಡೆ.

ಪೊಲೀಸರ ಮುಂದೆ ಅಕ್ಕ ಹೇಳಿದ್ದು ಬಿಳಿ ಷರ್ಟು. ಕೋರ್ಟಿನಲ್ಲಿ ನೀಲಿ. ಪಾಲುದಾರನ ವಕೀಲ ಎಲ್ಲರನ್ನೂ ನಗಿಸಿದನಂತೆ — ಬಟ್ಟೆಯವಳಿಗೇ ಬಣ್ಣ ಗೊತ್ತಿಲ್ಲ. ಆರೋಪ ಹೊರಿಸುವ ಮೊದಲೇ ಕೇಸು ಬಿದ್ದುಹೋಯಿತು. ಸುಳ್ಳಿ ಎಂಬ ಹೆಸರು ಹೊತ್ತೇ ಅಕ್ಕ ಸತ್ತಳು.

ಅವಳನ್ನೂ ತೂಗಿ ನೋಡಬೇಕು. ಕೋಟು ಸುಟ್ಟೆ ಎಂದು ಪಾಲುದಾರ ಅವಳನ್ನು ಬೀದಿಯಲ್ಲಿ ಬೈದಿದ್ದ. ಆ ಸಿಟ್ಟಿಗೆ ಹೇಳಿದ್ದರೆ? ನನಗೆ ಬೇಕಾದ ಮಾತು ಎಂಬ ಒಂದೇ ಕಾರಣಕ್ಕೆ ನಿಜವಾಗಿಬಿಡುವುದಿಲ್ಲ.

ಆದರೆ... ಟೈಲರನನ್ನು ನಂಬಲು ಮನಸ್ಸು ಒಪ್ಪುತ್ತಿಲ್ಲ.

ಮಾರ್ಚ್ 9, ಭಾನುವಾರ

ಇಷ್ಟು ವರ್ಷ ಉತ್ತರಗಳನ್ನೇ ಓದಿದೆವು. ಇವತ್ತು ಪ್ರಶ್ನೆ ಓದಿದೆ.

ಪೊಲೀಸರು ಕೇಳಿದ್ದು — ಒಳಗೆ ಹೋಗುವಾಗ ಏನು ಹಾಕಿದ್ದ? ಬಿಳಿ. ಕೋರ್ಟಿನಲ್ಲಿ ಕೇಳಿದ್ದು — ಬೀದಿಗೆ ಇಳಿದು ಹೋಗುವಾಗ? ನೀಲಿ.

ಎರಡೂ ನಿಜ! ಅವನು ಷರ್ಟು ಬದಲಿಸಿದ್ದಾನೆ. ಬಿಳಿಯದರ ಮೇಲೆ ಅಣ್ಣನ ರಕ್ತ ಇತ್ತು.

ನೀಲಿ ಎಲ್ಲಿಂದ ಬಂತು? ಸ್ಟುಡಿಯೋದಲ್ಲಿ ಬಟ್ಟೆ ಇರಲಿಲ್ಲ. ಗೋಡೆಯಾಚೆ ಹೊಲಿದ ಷರ್ಟುಗಳ ರಾಶಿಯೇ ಇತ್ತು.

ಅಮ್ಮ ಊಟಕ್ಕೆ ಕರೆದಳು. ಹಸಿವಿಲ್ಲ ಎಂದೆ. ನಿಜಕ್ಕೂ ಇಲ್ಲ. ಹಲ್ಲು ಮಸೆಯುವುದರಲ್ಲೇ ಹೊಟ್ಟೆ ತುಂಬಿದೆ.

ಮಾರ್ಚ್ 21, ಶುಕ್ರವಾರ

ಮಗಳನ್ನು ಹೊರಗೆ ಕೂರಿಸಿದೆ. ಟೈಲರನನ್ನು ಗಾಜಿನ ಕೋಣೆಗೆ ಕಳಿಸಿ ಹೆಡ್‌ಫೋನ್ ಹಾಕಿದೆ. ಬಾಗಿಲು ಮುಚ್ಚಿದರೆ ಹೊರಗಿನ ಸದ್ದು ಒಳಗಿಲ್ಲ, ಒಳಗಿನದು ಹೊರಗಿಲ್ಲ. ಮೈಕ್ ನನ್ನ ಕೈಯಲ್ಲಿ, ಅವನ ಮಾತು ನನ್ನ ಹೆಡ್‌ಫೋನಿಗೆ ಮಾತ್ರ.

ಪರೀಕ್ಷೆ ಪೂರ್ತಿ ಮಾಡಿದೆ. ಆಮೇಲೆ ವಾಲ್ಯೂಮ್ ಏರಿಸಿ ಕೇಳಿದೆ. “ಆ ನೀಲಿ ಷರ್ಟು ಯಾರಿಗೆ ಹೊಲಿದಿದ್ರಿ?”

ತಲೆ ಎತ್ತಿದ. ಗಾಜಿನಾಚೆ ನನ್ನ ಮುಖವನ್ನೇ ನೋಡಿದ. ಈಗ ಗುರುತು ಸಿಕ್ಕಿತು.

“ನೀನು... ಫೋಟೋದವನ ತಂಗಿ.”

“ಕೇಳಿದ್ದಕ್ಕೆ ಉತ್ತರ.”

ಹೆಡ್‌ಫೋನ್ ತೆಗೆಯಲು ಕೈ ಎತ್ತಿದ, ಇಳಿಸಿದ. ಕಾದೆ. ಕಾಯುವುದು ನನಗೆ ಹೊಸದಲ್ಲ.

“ಅಂಗಡಿ ಆ ಪಾಲುದಾರನ ಅಪ್ಪಂದು ಕಣಮ್ಮ. ಬಾಯಿ ಬಿಟ್ರೆ ಹೆಂಡ್ತಿ ಮಕ್ಳು ಬೀದಿಗೆ ಅಂದ. ಯಾರದ್ದೋ ಷರ್ಟು ಎತ್ಕೊಟ್ಟೆ.”

“ಜಗಳ ಕೇಳಿಸ್ತಾ?”

“ಬೇರೆ ಸ್ಟುಡಿಯೋ ಹಾಕ್ತೀನಿ ಅಂತಿದ್ದ ನಿಮ್ಮಣ್ಣ. ಗಿರಾಕಿಗಳೆಲ್ಲ ಹಿಂದೆ ಹೋಗ್ತಾರೆ ಅಂತ ಇವನಿಗೆ ಉರಿ. ಆಮೇಲೆ ನಿಮ್ಮಣ್ಣ ನನ್ನ ಕರೆದ. ಎರಡು ಸಲ.”

“ಹೋಗ್ಲಿಲ್ಲ.”

“ಹೊಲಿಗೆ ಮೆಷಿನ್ ತುಳಿದೆ. ಕೇಳಿಸಬಾರ್ದು ಅಂತ ಜೋರಾಗಿ ತುಳಿದೆ.”

ಅಳುತ್ತಿದ್ದ. ಅಯ್ಯೋ ಅನಿಸಲಿಲ್ಲ. ಇನ್ನಷ್ಟು ಅಳಲಿ ಅನಿಸಿತು.

“ವಕೀಲರ ಮುಂದೆ ಹೇಳ್ತೀರಾ? ಇಲ್ಲಾ, ಹೊರಗೆ ಕೂತಿರೋ ನಿಮ್ಮ ಮಗಳಿಗೆ ನಾನೇ ಹೇಳ್ಲಾ?”

“ಅವಳಿಗೆ ಬೇಡ” ಎಂದ. ಅಮ್ಮನಿಗೂ ಮಗನ ಸಾವು ಬೇಡವಾಗಿತ್ತು. ಯಾರು ಕೇಳಿದರು?

ಏಪ್ರಿಲ್ 17, ಗುರುವಾರ

ವಕೀಲರ ಹತ್ತಿರ ಬರುತ್ತೇನೆಂದು ಟೈಲರ್ ಎರಡು ಸಲ ತಪ್ಪಿಸಿಕೊಂಡ. ಮೊದಲು ಜ್ವರ, ಆಮೇಲೆ ಕಾಲುನೋವು. ಮೂರನೆಯ ಸಲ ಮನೆಗೇ ಹೋದೆ. ಬಾಗಿಲು ತೆರೆದವಳು ಮಗಳು. ನಾನು ಬಾಯಿ ತೆರೆಯುವ ಮೊದಲೇ, “ಅಪ್ಪ ಎಲ್ಲಾ ಹೇಳಿದ್ರು. ನಾನೇ ಕರ್ಕೊಂಡು ಬರ್ತೀನಿ” ಎಂದಳು. ನನ್ನ ಕೈಲಿದ್ದ ಕತ್ತಿ ಕಿತ್ತುಕೊಂಡ ಹಾಗಾಯಿತು.

ಇವತ್ತು ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟ. ಇಸ್ತ್ರಿಯವಳು ಸುಳ್ಳು ಹೇಳಿರಲಿಲ್ಲ ಎಂಬುದನ್ನೂ ಸೇರಿಸಿ ಎಂದು ಹಟ ಹಿಡಿದೆ. ಸೇರಿಸಿದರು.

ಮೇ 6, ಮಂಗಳವಾರ

ಪಾಲುದಾರನನ್ನು ಹಿಡಿದರು.

ಬೆಳಿಗ್ಗೆಯೇ ಅವನ ಗೇಟಿನ ಬಳಿ ನಿಂತಿದ್ದೆ. ದೊಡ್ಡ ಮನೆ, ಹೊಸ ಬಣ್ಣ. ಇನ್ಸ್‌ಪೆಕ್ಟರ್ ಜೊತೆ ನೆಟ್ಟಗೆ ನಡೆದು ಬಂದ. ಮೊಮ್ಮಗಳು ಚಪ್ಪಲಿ ಹಿಡಿದು ಹಿಂದೆ ಓಡಿ ಬಂದಳು, “ತಾತ, ಬರಿಗಾಲು...” ಆ ಮಗುವಿನ ಮುಖ ನೋಡಬಾರದಿತ್ತು. ನೋಡಿದೆ.

ಈ ಗಳಿಗೆಗೆಂದೇ ಮಾತು ಕೂಡಿಟ್ಟಿದ್ದೆ. ನಿನ್ನ ವಂಶ ಹಾಳಾಗಲಿ ಎಂದೋ, ಮುಖಕ್ಕೆ ಉಗಿದೋ. ನೂರು ಸಲ ಒಳಗೇ ಆಡಿ ನೋಡಿದ್ದೆ.

ಅವನು ನನ್ನ ಮುಂದೆ ನಿಂತ. ಚಪ್ಪಲಿ ಮೆಟ್ಟಿಕೊಂಡ.

“ನಿಮ್ಮಮ್ಮ ಹೇಗಿದ್ದಾರೆ?” ಎಂದ. ಹಾದಿಯಲ್ಲಿ ಸಿಕ್ಕ ನೆಂಟನ ಹಾಗೆ.

ನಾನು “ಚೆನ್ನಾಗಿದ್ದಾರೆ” ಎಂದೆ. ಬಾಯಿಗೆ ಬಂದದ್ದು ಅಷ್ಟೇ. ಜೀಪು ಹೋಯಿತು.

ಹೊಟ್ಟೆ ತಣ್ಣಗಾಗಲಿಲ್ಲ. ಇನ್ನೂ ಉರಿಯುತ್ತಿದೆ. ಅಮ್ಮನಿಗೆ ಹೇಳಿಲ್ಲ. ಪಕ್ಕದ ಕೋಣೆಯಲ್ಲಿ ಅವಳು ಎದ್ದ ಸದ್ದು — ಯಾರೋ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ. ಅಣ್ಣನ ಹೆಸರು ಹಿಡಿದು ಕರೆಯುತ್ತಿದ್ದಾಳೆ, ಅವನು ಇಲ್ಲೇ ಎಲ್ಲೋ ಇರುವ ಹಾಗೆ. ನಾನು ಹೋಗಿ ಏನೆಂದು ಹೇಳಲಿ? ಪೆನ್ನು ಇಟ್ಟು ಏಳುತ್ತೇನೆ.